ಭಂಡಾರ ಮುಟ್ಟಿ ಹೇಳಿದ್ದು

ಜಮಖಂಡಿಯ ಕೇಬಲ್ ಚಾನೆಲ್ಲಿನ ಸ್ಟುಡಿಯೋದಲ್ಲಿ ಗಿರಿಮಲ್ಲಪ್ಪ ಮುಖಕ್ಕೆ ಪೌಡರ್ ಹಚ್ಚಿಸಿಕೊಳ್ಳುತ್ತಿದ್ದಾಗ ಮಾಯವ್ವ ಸೀದಾ ಒಳಗೆ ಬಂದು, ಸೆರಗಿನ ಗಂಟು ಬಿಚ್ಚಿ, ಅವನ ಕನ್ನಡಿಯ ಮುಂದೆ ಭಂಡಾರ, ದೇವರ ಅರಿಸಿನಪುಡಿ, ಸುರುವಿದಳು.

“ಮುಟ್ಟಿ ಹೇಳ್ರಿ. ಬೀರಪ್ಪನ ಗುಡಿ ನೀರಾಗ ಬಿಡ್ರಿ ಅಂತ ಸರಕಾರದವ್ರಿಗೆ ಹೇಳಿದಾಂವ ಯಾರು?”

ಕೃಷ್ಣೆಯ ಹಿನ್ನೀರಿಗೆ ಊರು ಹೋಗುವಾಗ, ಗುಡಿಯ ಕಲ್ಲುಗಳನ್ನು ಹೊಸ ಊರಿಗೆ ಸಾಗಿಸುವ ತನಕ ಯಾರೂ ಜಾಗ ಬಿಡಬಾರದೆಂದು ಎಲ್ಲರೂ ಆಣೆ ಮಾಡಿದ್ದರು. ಆದರೂ ಗುಡಿ ಮುಳುಗಿತು. ಮಾಯವ್ವನ ಗಂಡ ಲಗಮಣ್ಣನೇ ಒಳಗಿಂದೊಳಗೆ ಒಪ್ಪಿಗೆ ಕೊಟ್ಟನೆಂದು, ಆಗ ಜಿಲ್ಲಾ ಪಂಚಾಯ್ತಿ ಸದಸ್ಯನಾಗಿದ್ದ ಗಿರಿಮಲ್ಲಪ್ಪ ತುಂಬಿದ ಸಭೆಯಲ್ಲಿ ಹೇಳಿದ. ಊರು ನಂಬಿತು. ಅಂದಿನಿಂದ ಹೊಸ ಗುಡಿಯ ಪೂಜಾರಿ ಮಲಕಾಜಪ್ಪ ಎಲ್ಲರ ಹಣೆಗೂ ಭಂಡಾರ ಹಚ್ಚುತ್ತಾನೆ. ಲಗಮಣ್ಣನ ಮುಂದೆ ಬಂದಾಗ ಮಾತ್ರ ಕೈ ಹಿಂದೆ ಸರಿಯುತ್ತದೆ.

ಗಿರಿಮಲ್ಲಪ್ಪ ಮುಂದೆ ಅಧಿಕಾರಿಯೊಬ್ಬನ ಕೆನ್ನೆಗೆ ಹೊಡೆದು ಪಕ್ಷದಿಂದ ಹೊರಬಿದ್ದ, ಚುನಾವಣೆ ಸೋತ, ಟೀವಿಯ ವಾರದ ನಗೆ ಕಾರ್ಯಕ್ರಮ ಸೇರಿದ. ಅವನ ಭಾಷಣಕ್ಕೆ ಬೈದವರೇ ಈಗ ಅದೇ ಭಾಷಣದ ಅಣಕಕ್ಕೆ ಬಿದ್ದು ಬಿದ್ದು ನಗುತ್ತಿದ್ದರು. ಜನಪ್ರತಿನಿಧಿ ಹೋಗಿ ಜನಪ್ರಿಯ ಆಗಿದ್ದ.

ಅವನು ಭಂಡಾರ ನೋಡಿ, ಮಂತ್ರಿಯ ಮೂಗಿನ ದನಿ ತೆಗೆದ. “ತನಿಖಾ ಸಮಿತಿ ರಚಿಸ್ತೀವಿ, ತಾಯೀ...”

“ನಿಮ್ಮ ದನೀಲೆ ಹೇಳ್ರಿ.”

“ಅದನ್ನ ಯಾರೂ ಕೇಳೂದಿಲ್ಲ ಬೇ ಈಗ.” ಗಿರಿಮಲ್ಲಪ್ಪ ಕನ್ನಡಿಯಿಂದ ಮುಖ ತಿರುಗಿಸಿದ. “ಆತು, ನಾನ ಹೇಳಿದ್ದು. ಗುತ್ತಿಗಿ ಕೊಡ್ತೀವಿ ಅಂದ್ರು, ಬಿದ್ದೆ. ಸಾಕಲ್ಲ? ಹೋಗಿನ್ನ.”

“ಇಲ್ಲಿ ಹೇಳಿದ್ರ ಏನ್ ಬಂತು? ಸುಳ್ಳ ಊರ ಮುಂದ ಹೇಳೀರಿ, ಖರೇನೂ ಊರ ಮುಂದನ ಆಗಲಿ.” ಅವಳು ಕ್ಯಾಮೆರಾದತ್ತ ಕೈ ಮಾಡಿದಳು. “ನಮ್ಮ ಮನಿಯವ್ರಿಗೆ ದಮ್ಮ ಹೆಚ್ಚಾಗೈತ್ರಿ. ಎಷ್ಟ ದಿನಾನೋ ಏನೋ. ಬೋಳ ಹಣೀಲೆ ಹೋಗಬಾರ್ದು ಮನಶ್ಯಾ.”

ಗಿರಿಮಲ್ಲಪ್ಪ ತಲೆಯ ಮೇಲಿನ ವೇಷದ ದೊಡ್ಡ ಟೋಪಿ ತೆಗೆದಿಟ್ಟು, ಬೆರಳು ಭಂಡಾರದಲ್ಲಿ ಅದ್ದಿ, ಹೋಗಿ ಕ್ಯಾಮೆರಾದ ಮುಂದೆ ಕೂತ. ಬರೆದುಕೊಟ್ಟದ್ದನ್ನು ಓದಲಿಲ್ಲ, ಯಾರ ದನಿಯನ್ನೂ ತೆಗೆಯಲಿಲ್ಲ. “ಗುಡಿ ಬಿಡ್ರಿ ಅಂದಾಂವ ನಾನು. ಲಗಮಣ್ಣನ ಹೆಸರು ಸುಳ್ಳ ತಗೊಂಡೆ. ಬೀರಪ್ಪನ ಆಣಿ,” ಎಂದ. ಕಣ್ಣೊರೆಸಿಕೊಂಡು, ಕೈಮುಗಿದು ಮಾತು ಮುಂದುವರಿಸಿದ. ಮಾಯವ್ವ ಗೋಡೆಗೆ ಒರಗಿ ಅತ್ತಳು.

ಭಾನುವಾರ ಸಂಜೆ ಪುನರ್ವಸತಿ ಕೇಂದ್ರದ ಅವರ ಓಣಿಯ ಜನವೆಲ್ಲ ಮಾಯವ್ವನ ಟೀವಿಯ ಮುಂದೆ ಕೂತಿತ್ತು. ಮಲಕಾಜಪ್ಪನನ್ನು ಅವಳೇ ಹೋಗಿ ಕರೆತಂದು ಮುಂದೆ ಕೂಡಿಸಿದ್ದಳು. ಹಿಂದೆ ಹೊರಸಿನ ಮೇಲೆ ಲಗಮಣ್ಣ ಏದುತ್ತ ಕೂತಿದ್ದ.

ಪರದೆಯ ಮೇಲೆ ಗಿರಿಮಲ್ಲಪ್ಪ ಬಂದ. “ಗುಡಿ ಬಿಡ್ರಿ ಅಂದಾಂವ ನಾನು,” ಎಂದ. ಹ್ಹಹ್ಹಹ್ಹಾ ಎಂದು ಜನ ನಕ್ಕ ಸದ್ದು ಬಂತು. ಅಂದು ಸ್ಟುಡಿಯೋದಲ್ಲಿ ಮೂರು ಮತ್ತೊಂದು ಜನರಿದ್ದರು, ಅವರಲ್ಲಿ ನಕ್ಕವರೊಬ್ಬರೂ ಇಲ್ಲ. ಟೀವಿಯಲ್ಲಿ ನೂರಾರು ಜನ ನಗುತ್ತಿದ್ದರು. ಪ್ರತಿ ವಾರದಂತೆ ಚಾನೆಲ್ಲಿನವರು ಮಾತು ಮಾತಿಗೂ ನಗು ಅಂಟಿಸಿದ್ದರು. “ಬೀರಪ್ಪನ ಆಣಿ” ಎಂದಲ್ಲಿಗೆ ನಗುವಿನ ಜೊತೆ ಶಿಳ್ಳೆಯೂ ಬಿತ್ತು.

ಮಲಕಾಜಪ್ಪ ತೊಡೆ ತಟ್ಟಿಕೊಂಡ. “ಏನ್ ಆ್ಯಕ್ಟಿಂಗ್ ಮಾಡ್ತಾನಲೇ ಮಗ! ಕಣ್ಣಾಗ ನೀರು ಸೈತ ತಂದಾನ! ಲಗಮ್ಯಾ, ನಿನ್ನನ್ನೂ ಬಿಡ್ಲಿಲ್ಲ ನೋಡು!”

ಓಣಿಗೆ ಓಣಿಯೇ ನಕ್ಕಿತು.

“ನಗಬ್ಯಾಡ್ರೋ! ಖರೇನ ಹೇಳಾಕತ್ತಾನ!” ಎಂದು ಮಾಯವ್ವ ಕೂಗಿದಳು. ಅದಕ್ಕೂ ನಕ್ಕರು. ಅವಳು ಧಾವಿಸಿ ಹೋಗಿ ಟೀವಿಯ ಸದ್ದನ್ನು ಪೂರಾ ಇಳಿಸಿಬಿಟ್ಟಳು.

ನಗು ನಿಂತಿತು. ಅದರ ಜೊತೆ ಮಾತೂ ನಿಂತಿತು. ಪರದೆಯ ಮೇಲೆ ಗಿರಿಮಲ್ಲಪ್ಪ ಕೈಮುಗಿದು ಇನ್ನೂ ಏನೋ ಹೇಳುತ್ತಲೇ ಇದ್ದ. ಲಗಮಣ್ಣ ಹೊರಸಿನಿಂದ ಮುಂದಕ್ಕೆ ಬಾಗಿ, ಆಡುತ್ತಿದ್ದ ಆ ತುಟಿಗಳಲ್ಲಿ ತನ್ನ ಹೆಸರು ಹುಡುಕುತ್ತಿದ್ದ.