ಬಾಡಿಗೆಗೆ ಮನೆ ಇದೆ

ಮೀನು ತಿನ್ನುತ್ತೇವೆ ಎಂದು ನಿಜ ಹೇಳಿದಲ್ಲೆಲ್ಲ "ನಿಮ್ಮಂಥೋರಿಗೆ ಮನೆ ಕೊಡಲ್ಲ" ಎಂದು ಬಾಗಿಲು ಹಾಕಿದ್ದರು. "ಇಲ್ಲಾದ್ರೂ ಸುಳ್ಳು ಹೇಳ್ರೀ, ಹೆರಿಗೆ ಹತ್ರ ಬಂತು" ಎಂದು ಹೆಂಡತಿ ಗೇಟಿನ ಬಳಿಯೇ ಚಿವುಟಿದಳು.

ಮನೆಯ ಯಜಮಾನರು ನಿವೃತ್ತ ವಿಜ್ಞಾನಿ. ಅವರ ಮೊದಲ ಪ್ರಶ್ನೆಯೂ ಅದೇ.

"ಮೀನು ತಿಂತೀರೇನಪ್ಪಾ?"

"ರಾಮ ರಾಮಾ! ಅದರ ವಾಸನೆ ಬಂದ್ರೇ ಇವಳಿಗೆ ವಾಂತಿ, ಸಾರ್."

ಅವರ ಮುಖ ಸಪ್ಪಗಾಯಿತು. ಕೈಗೆ ತೆಗೆದುಕೊಂಡಿದ್ದ ಬೀಗದ ಕೈಯನ್ನು ಮತ್ತೆ ಮೊಳೆಗೆ ತೂಗುಹಾಕಿದರು.

"ಹಾಗಾದ್ರೆ ಆಗಲ್ಲ ಬಿಡಿ. ಮೀನಿನ ಮೂಳೇಲಿ ಕ್ಯಾಲ್ಸಿಯಂ ಹಿಡಿದಿಡೋ ಒಂದು ಪ್ರೋಟೀನ್ ಇದೆ. ಅದರ ಹರಳು ಬೆಳೆಸಿ ರಚನೆ ನೋಡ್ಬೇಕು ಅಂತ ಮಹಡೀಲಿ ದಿನಾ ರಾಶಿ ಮೂಳೆ ಅರೀತೀನಿ. ಹಿಂದಿದ್ದ ಸಸ್ಯಾಹಾರಿಗಳು ವಾಸನೆ ತಡೀಲಾರದೆ ಓಡಿಹೋದ್ರು. ಇನ್ಮೇಲೆ ನಿಮ್ಮಂಥೋರಿಗೆ ಮನೆ ಕೊಡಲ್ಲ."