ಗೋಡೆ ತಟ್ಟುವ ನಿಯಮ

ತೊಳೆಯಲೆಂದು ತಟ್ಟೆಗಳನ್ನು ಆಗಷ್ಟೇ ಮೊಗೆದ ಸಮುದ್ರದ ನೀರಿನ ಬಕೆಟ್ಟಿನಲ್ಲಿ ಅದ್ದಿದ ಮೇಲೆ ನರಸಮ್ಮನಿಗೆ ಅದರಲ್ಲಿ ತೇಲುತ್ತಿದ್ದ ಹಳದಿ ಚೂರು ಕಂಡಿತು. ಕೆಳಗೆ ಶೌಚಾಲಯದ ಪಂಪು ಇನ್ನೂ ಗೊರಗುಟ್ಟುತ್ತಿತ್ತು. ಈ ಹಾಯಿದೋಣಿಯಲ್ಲಿ ಶೌಚಾಲಯದ್ದೆಲ್ಲವೂ ನೇರ ಸಮುದ್ರಕ್ಕೇ ಬೀಳುತ್ತದೆ. ಪಂಪು ಒತ್ತುವ ಮುಂಚೆ ಗೋಡೆ ತಟ್ಟಿ, ಮೇಲೆ ನೀರು ಮೊಗೆಯುವವರನ್ನು ಎಚ್ಚರಿಸಬೇಕೆಂದು ನಿಯಮ ಮಾಡಿದವನು ದೋಣಿಯ ಒಡೆಯ. ಈಗ ಚಡ್ಡಿಯ ಲಾಡಿ ಬಿಗಿದುಕೊಳ್ಳುತ್ತಾ ಮೇಲೆ ಬಂದವನೂ ಅವನೇ.

"ಯಾಕೋ, ಗೋಡೆ ತಟ್ಟಲಿಲ್ಲ?"

"ನನ್ನ ದೋಣೀಲಿ ನಾನೂ ತಟ್ಟಬೇಕಾ? ಬೇಗ ಬಡಿಸೇ, ಹೊಟ್ಟೆ ಚುರುಗುಟ್ತಿದೆ."

ದೋಣಿಯಲ್ಲಿದ್ದ ಉಳಿದ ಗೆಳೆಯರು ಹಲ್ಲು ಕಿರಿದರು. ಅವಳು ಅವರ ತಟ್ಟೆಗಳನ್ನು ಕುಡಿಯುವ ನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದಳು. ಅವನದನ್ನು ಮಾತ್ರ ಬಕೆಟ್ಟಿನಲ್ಲಿ ಮತ್ತೊಮ್ಮೆ ಅದ್ದಿ, ಒರೆಸದೆ, ಅನ್ನ ಬಡಿಸಿ ಮುಂದಿಟ್ಟಳು.

"ಇವತ್ತು ಉಪ್ಪು ಹದವಾಗಿದೆ ಕಣೇ," ಎಂದ, ಬೆರಳು ನೆಕ್ಕುತ್ತಾ.