ಹಳ್ಳ ದಾಟಿದ ದನಿ

ಬೆಸುಗೆಯ ರಾಳದ ಹೊಗೆ ಮೂಗಿಗೆ ಬಡಿದರೆ ಇವತ್ತಿಗೂ ಗಲಗಲಿ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಕೃಷ್ಣಾ ಹೊಳೆ ಏರುತ್ತಿತ್ತು. ಹಳ್ಳದ ಆಚೆ ತಗ್ಗಿನ ಹೊಲಗಳಲ್ಲಿ ನಾಲ್ಕು ಮನೆಯವರಿದ್ದರು. ನಾವು ಅಲ್ಲಿಗೆ ಹೋಗುವ ದಾರಿಯಲ್ಲಿ ನೀರು ನಿಂತಿತ್ತು. ಅವರ ಬೆನ್ನಿಗಿದ್ದ ದಿಬ್ಬದ ದಾರಿಯೊಂದೇ ತೆರೆದಿತ್ತು. ಕರೆಂಟಾಗಲಿ, ಮೊಬೈಲ್ ಸಿಗ್ನಲ್ಲಾಗಲಿ ಇರಲಿಲ್ಲ. ದಿಬ್ಬ ಹತ್ತಿರೆಂದು ಮೈಕಿನಲ್ಲಿ ಕೂಗಿದರೆ, ಟ್ರ್ಯಾಕ್ಟರಿನ ಬ್ಯಾಟರಿಗೆ ಹಚ್ಚಿದ ಆಂಪ್ಲಿಫೈಯರ್ ದನಿ ಹೆಚ್ಚಿಸಿದರೂ ಹಾರ್ನ್ ಸ್ಪೀಕರಿನಿಂದ ಬಂದದ್ದು ಹೊಳೆಯ ಸದ್ದಿನಲ್ಲಿ ಅಡಗಿಹೋಗುತ್ತಿತ್ತು.

"ಹನ್ನೆರಡ ವೋಲ್ಟಿನ ಬ್ಯಾಟರಿಯವ್ವಾ, ಅದರ ಶಕ್ತಿ ಇಷ್ಟ," ಎಂದರು ಮೈಕು ಹಿಡಿದಿದ್ದ ಊರಿನ ಹಿರಿಯರೊಬ್ಬರು.

ಬನಹಟ್ಟಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನನ್ನ ಅತ್ತೆ ಚೀಲದಿಂದ ಇನ್ನೊಂದು ಆಂಪ್ಲಿಫೈಯರ್ ತೆಗೆದಳು.

"ಬ್ಯಾಟರಿ ಅಷ್ಟ ಇರಲಿ ಬಿಡ್ರಿ ಕಾಕಾ. ಹಾರ್ನಿನ ಎರಡೂ ವಾಯರಿಗೆ ಒಂದೊಂದು ಆಂಪ್ಲಿಫೈಯರ್ ಹಚ್ಚತೇನಿ. ಒಂದಕ್ಕ ಮೈಕಿನ ದನಿ ಉಲ್ಟಾ ಕೊಡತೇನಿ, ಆಗ ಒಂದು ನೂಕಿದಾಗ ಇನ್ನೊಂದು ಎಳೀತೈತಿ. ದನಿ ಜೋರ ಆಕ್ಕೈತಿ."

ಬೆಸುಗೆ ಕಡ್ಡಿಯನ್ನು ಒಲೆಯ ಕೆಂಡದಲ್ಲಿ ಕಾಯಿಸಿ ತಂತಿ ಕೂಡಿಸಿದಳು.

"ದಿಬ್ಬ ಹತ್ತ್ರೆಪಾ!" ಹಾರ್ನು ಗುಡುಗಿತು. ಹಳ್ಳದಾಚೆ ಒಬ್ಬಳು ಹೊರಬಂದು ಕೈ ಎತ್ತಿದಳು. ಆಮೇಲೆ ಮೂರು ಮನೆಯವರು ದನಗಳ ಹಗ್ಗ ಬಿಚ್ಚಿ ದಿಬ್ಬದತ್ತ ಹೊರಟರು.

ಇತ್ತ ಜನ ಚಪ್ಪಾಳೆ ತಟ್ಟಿದರು. ಅತ್ತೆ ಮಾತ್ರ ಕಾದ ಆಂಪ್ಲಿಫೈಯರಿಗೆ ಸೆರಗಿನಿಂದ ಗಾಳಿ ಹಾಕುತ್ತ, "ಕೂಗೂದು ನಿಲ್ಲಿಸಬ್ಯಾಡ್ರಿ ಕಾಕಾ, ನಾಕನೇ ಮನಿಯವರು ಇನ್ನೂ ಹೊಂಟಿಲ್ಲ," ಎಂದಳು.